ಅವ್ವನ ಪಾಲಿನ ನೀರು

ಜುಲೈ 14, ಸೋಮವಾರ

ಈ ಪುಸ್ತಕ ಹಾಲಿನ ಸೊಸೈಟಿಯವರು ಹೊಸ ವರ್ಷಕ್ಕೆ ನನ್ನ ಗಂಡನಿಗೆ ಕೊಟ್ಟಿದ್ದು. ಗಂಡನ ಹೆಸರು ಹೇಳಬಾರದು ಅನ್ನುತ್ತಾರೆ, ಬರೆಯಬಾರದು ಅಂತ ಯಾರೂ ಹೇಳಿಲ್ಲವಲ್ಲ: ನಿಂಗರಾಜು. ಅರ್ಧ ವರ್ಷ ಇದು ಹಾಗೇ ಬಿದ್ದಿತ್ತು. ಈಗ ಮೈಸೂರಿನ ಡಾಕ್ಟರಮ್ಮ, ದಿನಾ ಎಷ್ಟು ನೀರು ಕುಡಿದೆ, ನೋವು ಎಲ್ಲಿ ಬಂತು ಎಂದು ಬರೆದಿಡಲು ಹೇಳಿದ್ದಾರೆ. ನೀರಿನ ಲೆಕ್ಕ ನಾನು ಬರೆಯುವುದಿಲ್ಲ. ಅವ್ವನಿಗಾಗಿ ಎರಡು ವರ್ಷ ಬರೆದು ಸಾಕಾಗಿದೆ. ನೋವಿನದ್ದು ಬೇಕಾದರೆ ಬರೆಯುತ್ತೇನೆ, ಅದಕ್ಕೇನೂ ಬರ ಬಂದಿಲ್ಲ.

ಕಲ್ಲು ಬಂದಿರುವುದು ಇದು ನಾಲ್ಕನೇ ಸಲ. ಎಡಗಡೆ ಪಕ್ಕೆಯ ಹಿಂದೆ ಶುರುವಾಗಿ ತೊಡೆಸಂದಿಗೆ ಇಳಿಯುತ್ತದೆ. ಕೂತರೂ ಆಗದು, ನಿಂತರೂ ಆಗದು, ಗೋಡೆ ಪರಚುವ ಹಾಗಾಗುತ್ತದೆ. ದಿವ್ಯಳನ್ನು ಹೆತ್ತ ನೋವು ಇದರ ಮುಂದೆ ಹಬ್ಬ. ಅಲ್ಲಿ ಕೊನೆಗೆ ಕೈಗೊಂದು ಮಗುವಾದರೂ ಬಂತು. ಇಲ್ಲಿ ಬರುವುದು ಮೆಂತ್ಯದ ಕಾಳಿನಷ್ಟು ಕಲ್ಲು, ಅದಕ್ಕೂ ಮುಳ್ಳು ಬೇರೆ.

ಬಲಗಡೆಯ ಕಿಡ್ನಿ ಆಗಲೇ ಸುರುಟಿಕೊಂಡಿದೆಯಂತೆ. "ಉಳಿದಿರೋದು ಎಡಗಡೇದು ಒಂದೇ ಅಂತ ತಿಳ್ಕೊಳ್ಳಿ ಅರ್ಪಿತ. ದಿನಕ್ಕೆ ಮೂರು ಲೀಟರ್ ನೀರು ಕುಡೀಲಿಲ್ಲ ಅಂದ್ರೆ ನೀವೂ ನಿಮ್ಮ ತಾಯಿ ಥರ ಡಯಾಲಿಸಿಸ್ಸಿಗೆ ಬರ್ತೀರಿ" ಎಂದರು ಡಾಕ್ಟರಮ್ಮ. ಪಕ್ಕದಲ್ಲಿದ್ದ ಇವರು ನಗಿಸಲು ಹೋಗಿ, "ತಾಯಿಯಂತೆ ಮಗಳು, ನೂಲಿನಂತೆ ಸೀರೆ ಅಂತಾರಲ್ಲ ಮೇಡಂ" ಎಂದರು. ಯಾರೂ ನಗಲಿಲ್ಲ. ಬಸ್ಸಿನಲ್ಲಿ ನಮ್ಮ ಬಾಬುರಾಯನಕೊಪ್ಪಲಿಗೆ ಬಂದಿಳಿದು ಮನೆ ಸೇರಿದೆವು.

ಜುಲೈ 16, ಬುಧವಾರ

ರಜೆ ಮುಗಿದು ಡ್ಯೂಟಿಗೆ ಹೋದೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಮತ್ತೆ ಅದೇ ದಾರಿಯಲ್ಲಿ ವಾಪಸ್ಸು. ನಾನು ಕೆಲಸಕ್ಕೆ ಸೇರಿದ ವಾರವೇ ಹಿರಿಯ ಕಂಡಕ್ಟರಮ್ಮ ಒಬ್ಬರು ಕಲಿಸಿದ ಪಾಠ ಇನ್ನೂ ಕಿವಿಯಲ್ಲಿದೆ. "ಬೆಳಿಗ್ಗೆ ನೀರ್ ಮುಟ್ಬ್ಯಾಡ, ಸಂಜೆಗಂಟ ಯಾವ್ ತೊಂದ್ರೇನೂ ಇರಕ್ಕಿಲ್ಲ." ಗಂಡಸರಿಗೆ ಬಸ್ಸಿನ ಹಿಂದಿನ ಚಕ್ರದ ಮರೆ ಸಾಕು. ನಾವು ಸ್ಟ್ಯಾಂಡಿನ ಶೌಚಾಲಯ ಹುಡುಕಿಕೊಂಡು ಹೋಗಿ ಬರುವಷ್ಟರಲ್ಲಿ ಬಸ್ಸು ತುಂಬಿರುತ್ತದೆ, ಜನ ಬಾಗಿಲು ಬಡಿಯುತ್ತಿರುತ್ತಾರೆ. ಕಂಡಕ್ಟರ್ ಎಲ್ಲಿಗೆ ಹೋಗಿದ್ದಳು ಎಂದು ಇಡೀ ಬಸ್ಸಿಗೆ ತಿಳಿದಿರುತ್ತದೆ.

ಇವರು ಗೀಟು ಹಾಕಿದ ದೊಡ್ಡ ನೀರಿನ ಬಾಟಲಿ ತಂದುಕೊಟ್ಟಿದ್ದಾರೆ. ಸಂಜೆ ಡಿಪೋದಲ್ಲಿ ಡ್ರೈವರ್ ರಹಮತುಲ್ಲಾ ಅದನ್ನು ಎತ್ತಿ ನೋಡಿದ. ನಾನು ಅವನನ್ನು ರಹಮತ್ತಣ್ಣ ಎನ್ನುತ್ತೇನೆ, ನಾಲ್ಕು ವರ್ಷದಿಂದ ಒಂದೇ ಬಸ್ಸು. "ಏನಮ್ಮಾ, ಬಾಟ್ಲೀನ ಟೂರಿಗೆ ಕರ್ಕೊಂಡ್ ಬಂದಿದ್ಯಾ? ಹೋದಂಗೇ ವಾಪಸ್ ಬಂದೈತಲ್ಲ" ಎಂದ. ನಕ್ಕು ಬಾಟಲಿಯನ್ನು ಬ್ಯಾಗಿಗೆ ಹಾಕಿಕೊಂಡೆ.

ಶೌಚಾಲಯದ ಮಾತು ಜನಕ್ಕೆ ಹೇಳುವುದಕ್ಕೆ. ನಿಜವಾದ ಕಾರಣ ಬೇರೆ. ಬಾಟಲಿ ತುಟಿಗಿಟ್ಟರೆ ಅವ್ವನ ದನಿ ಕೇಳುತ್ತದೆ. "ಒಂದ್ ಗುಟ್ಕು ಕೊಡಮ್ಮಿ." ಒಂದು ಹನಿಯೂ ಇಳಿಯದು, ಮುಚ್ಚಳ ಹಾಕಿ ಒಳಗಿಡುತ್ತೇನೆ.

ಜುಲೈ 29, ಮಂಗಳವಾರ

ಮಳೆ. ಸೊಂಟದಲ್ಲಿ ಮಂದ ನೋವು, ಯಾರೋ ಬೆರಳಿಟ್ಟು ಒತ್ತಿ ಹಿಡಿದಂತೆ. ಇವರು ಬಾಳೆದಿಂಡಿನ ರಸ ಹಿಂಡಿ ಕೊಟ್ಟರು. ಎರಡು ಗುಟುಕು ಕುಡಿದು, ಅವರು ಆಚೆ ಹೋದ ಮೇಲೆ ಉಳಿದಿದ್ದನ್ನು ತೆಂಗಿನ ಬುಡಕ್ಕೆ ಸುರಿದೆ.

ಇವತ್ತು ಅವ್ವನ ಬಗ್ಗೆ ಬರೆಯಬೇಕು. ಬರೆದರೆ ಬಿಟ್ಟುಹೋಗುತ್ತದೇನೋ.

ಅವ್ವನಿಗೂ ಕಲ್ಲೇ. ಗದ್ದೆಯಲ್ಲಿ ಕೆಲಸ ಮಾಡುವ ಹೆಂಗಸು, ಹಗಲಲ್ಲಿ ಮರೆ ಎಲ್ಲಿದೆ? ಅವಳೂ ನೀರು ಕುಡಿಯುತ್ತಿರಲಿಲ್ಲ. ಸೊಂಟನೋವು ಎಂದರೆ ಹರಳೆಣ್ಣೆ ಹಚ್ಚಿಕೊಂಡು ಮಲಗುತ್ತಿದ್ದಳು. ತವರೂರು ಹೊಣಕೆರೆಯಿಂದ ಇಲ್ಲಿಗೆ ಕರೆತರುವ ಹೊತ್ತಿಗೆ ಎರಡೂ ಕಿಡ್ನಿ ಹೋಗಿತ್ತು. ವಾರಕ್ಕೆರಡು ಸಲ ಡಯಾಲಿಸಿಸ್. ದಿನಕ್ಕೆ ಇಷ್ಟೇ ನೀರು, ಜಾಸ್ತಿಯಾದರೆ ಶ್ವಾಸಕೋಶಕ್ಕೆ ನುಗ್ಗುತ್ತದೆ ಎಂದಿದ್ದರು. ದಿವ್ಯಳ ಮೊದಲ ವರ್ಷದ ಹುಟ್ಟುಹಬ್ಬಕ್ಕೆ ಅವ್ವನೇ ಹೆಸರು ಕೊರೆಸಿ ತಂದಿದ್ದ ಪುಟ್ಟ ಸ್ಟೀಲ್ ಲೋಟವನ್ನು ಅಳತೆಗೆ ಇಟ್ಟುಕೊಂಡೆ. ಅದರಲ್ಲಿ ಬೆಳಿಗ್ಗೆ ಅರ್ಧ, ಸಂಜೆ ಅರ್ಧ. ನಾನು ಡ್ಯೂಟಿಗೆ ಹೋಗುವಾಗ ಬಚ್ಚಲಿನ ಬಕೆಟ್ಟನ್ನೂ ಚೆಲ್ಲಿ ಹೋಗುತ್ತಿದ್ದೆ. ಒಂದು ದಿನ ಅವ್ವ ದೇವರ ಮುಂದಿನ ಪಂಚಪಾತ್ರೆಯ ನೀರು ಕುಡಿದಿದ್ದಳು. ನಾನು ಬೈದೆ. ಬಸ್ಸಿನಲ್ಲಿ ಟಿಕೆಟ್ ಇಲ್ಲದವರನ್ನು ಬೈಯುವ ದನಿಯಲ್ಲಿ ಬೈದೆ. ಅವ್ವ ಸೆರಗಿನಿಂದ ತುಟಿ ಒರೆಸಿಕೊಂಡಳು.

ಕೊನೆಯ ದಿನ ಮಧ್ಯಾಹ್ನ ಕೇಳಿದಳು. ಬೆಳಗಿನ ಪಾಲು ಮುಗಿದಿತ್ತು. "ಸಂಜೆ ಕೊಡ್ತೀನಿ ಸುಮ್ಕಿರವ್ವ" ಎಂದೆ. ಸಂಜೆ ಆಗುವುದರೊಳಗೆ ಅವ್ವ ಇರಲಿಲ್ಲ. ಸಾಯುವವರ ಬಾಯಿಗೆ ನೀರು ಬಿಡಲು ಮಕ್ಕಳು ಬೇಕು ಅನ್ನುತ್ತಾರೆ. ಮಗಳು ಪಕ್ಕದ ಕೋಣೆಯಲ್ಲೇ ಇದ್ದಳು, ಬಟ್ಟೆ ಮಡಚುತ್ತಿದ್ದಳು.

ಡಾಕ್ಟರು ಹೇಳಿದಂತೆ ಮಾಡಿದೆ, ನಿನ್ನದೇನು ತಪ್ಪು ಎಂದು ಎಲ್ಲರೂ ಅನ್ನುತ್ತಾರೆ. ತಪ್ಪಿಲ್ಲ ಎಂದು ನನಗೂ ಗೊತ್ತು. ಅವ್ವನಿಗೆ ಯಾರು ಹೇಳುವುದು?

ಆಗಸ್ಟ್ 8, ಶುಕ್ರವಾರ

ವರಮಹಾಲಕ್ಷ್ಮಿ. ಬಸ್ಸಿನ ತುಂಬಾ ಹೂವು, ಬಾಳೆಕಂದು, ರೇಷ್ಮೆ ಸೀರೆ. ಹೆಂಗಸರಿಗೆ ಪುಕ್ಕಟೆ ಬಸ್ಸು ಆದಾಗಿನಿಂದ ಹಬ್ಬ ಬಂದರೆ ಒಳಗೆ ಕಾಲಿಡಲು ಜಾಗವಿರುವುದಿಲ್ಲ. ಆಧಾರ್ ನೋಡು, ಮಷೀನು ಒತ್ತು, ಝೀರೋ ಟಿಕೆಟ್ ಹರಿ, ಮುಂದಕ್ಕೆ ಹೋಗಿ ಎಂದು ಕೂಗು. ಇದೇ ಕೆಲಸ.

ಮುಂಬಾಗಿಲ ಹಿಂದೆ ಕಿಟಕಿ ಪಕ್ಕ ಒಂದು ಸೀಟಿದೆ. ಪಾಂಡವಪುರದಲ್ಲಿ ಬಸ್ಸು ನಿಂತಾಗ ಅದರ ಕಂಬಿ ಹಿಡಿದೆ. ಇಂಜಿನ್ ಓಡುತ್ತಲೇ ಇತ್ತು, ಕಂಬಿ ಅಂಗೈಯೊಳಗೆ ಗುರ್‌ ಎನ್ನುತ್ತಿತ್ತು. ಡಯಾಲಿಸಿಸ್ಸಿಗೆಂದು ಅವ್ವನ ಎಡಗೈಯಲ್ಲಿ ನರ ಕೂಡಿಸಿದ್ದರಲ್ಲ, ಅಲ್ಲಿ ಕೈಯಿಟ್ಟರೆ ಥೇಟ್ ಹೀಗೇ ಗುರ್‌ ಎನ್ನುತ್ತಿತ್ತು. ಅದು ನಿಂತರೆ ಹೇಳಿ ಎಂದಿದ್ದರು, ದಿನಾ ಮುಟ್ಟಿ ನೋಡುತ್ತಿದ್ದೆ. ಇವತ್ತು ಎಷ್ಟು ಹೊತ್ತು ಹಿಡಿದುಕೊಂಡಿದ್ದೆನೋ, ರಹಮತ್ತಣ್ಣ ಎರಡು ಸಲ ಹಾರ್ನ್ ಹೊಡೆದ ಮೇಲೆ ವಿಸಿಲ್ ಹಾಕಿದೆ.

ಆಮೇಲೆ ಆ ಸೀಟಿಗೆ ಬಂದವರಿಗೆಲ್ಲ, ಅದು ಮುರಿದಿದೆ, ಹಿಂದೆ ಹೋಗಿ ಎಂದೆ. ಯಾಕೆ ಹಾಗೆಂದೆ ಎಂದು ಗೊತ್ತಿಲ್ಲ. ಅವ್ವ ಜಗಿಯುತ್ತಿದ್ದ ಹೊಗೆಸೊಪ್ಪಿನ ವಾಸನೆ ಬರುತ್ತಿತ್ತು, ಅದಕ್ಕಿರಬಹುದು.

ಆಗಸ್ಟ್ 19, ಮಂಗಳವಾರ

ಚೆಕಿಂಗ್‌ನವರು ಹತ್ತಿದರು. ಒಬ್ಬರು ಹೆಂಗಸರ ತಲೆ ಎಣಿಸಿದರು, ಇನ್ನೊಬ್ಬರು ಮಷೀನು ನೋಡಿದರು. ತಲೆಗಿಂತ ಟಿಕೆಟ್ಟು ಒಂದು ಹೆಚ್ಚು. ಝೀರೋ ಟಿಕೆಟ್, ಸಂತೆಬಾಚಹಳ್ಳಿಯಿಂದ ಹೊಣಕೆರೆ ಕೈಮರಕ್ಕೆ.

"ಯಾರಮ್ಮ ಇದು? ಎಲ್ಲವ್ರೆ ಈ ಪ್ಯಾಸೆಂಜರು?"

ಟಿಕೆಟ್ಟು ಆ ಕಿಟಕಿ ಸೀಟಿನ ಸಂದಿಯಲ್ಲಿ ನೀಟಾಗಿ ಸಿಕ್ಕಿಸಿತ್ತು. ಅವರೇ ಎತ್ತಿದರು. ನಾನು ಒತ್ತಿದ್ದು ನನಗೆ ನೆನಪಿದೆ. ಯಾರಿಗೆ ಎಂಬುದೂ ನೆನಪಿದೆ. ಅದನ್ನು ಅವರಿಗೆ ಹೇಗೆ ಹೇಳುವುದು?

ಆಗಸ್ಟ್ 21, ಗುರುವಾರ

ಮೆಮೊ ಕೊಟ್ಟರು. ಝೀರೋ ಟಿಕೆಟ್ಟಿನ ದುಡ್ಡನ್ನು ಸರ್ಕಾರ ಕಟ್ಟಿಕೊಡುತ್ತದಲ್ಲ, ಇಲ್ಲದ ಹೆಂಗಸಿನ ಹೆಸರಲ್ಲಿ ಟಿಕೆಟ್ ಹರಿದು ಕಲೆಕ್ಷನ್ ಜಾಸ್ತಿ ತೋರಿಸುತ್ತೀಯ ಎಂಬ ಗುಮಾನಿ. ರಹಮತ್ತಣ್ಣ ನನಗಿಂತ ಮೊದಲೇ ಆಫೀಸಿನೊಳಗೆ ನುಗ್ಗಿ ಸಾಹೇಬರ ಮುಂದೆ ನಿಂತ. "ಸಾರ್, ಈಯಮ್ಮ ಐದ್ ರೂಪಾಯಿ ಚಿಲ್ರೆ ಕೊಡಕ್ಕೆ ಬಸ್ ನಿಲ್ಸಿ ಪ್ಯಾಸೆಂಜರ್ ಹಿಂದೆ ಓಡೋಳು. ಹುಷಾರಿಲ್ಲ ಸಾರ್, ಕಿಡ್ನೀಲಿ ಕಲ್ಲು. ನೋವಲ್ಲಿ ಬೆರಳು ತಪ್ಪೈತೆ." ಸದ್ಯಕ್ಕೆ ಎಚ್ಚರಿಕೆ ಕೊಟ್ಟು ಬಿಟ್ಟರು. ಇನ್ನೊಮ್ಮೆ ಆದರೆ ಸಸ್ಪೆಂಡ್.

ಹೊರಗೆ ಬಂದು ಅವನು ಬೇರೆಯೇ ದನಿಯಲ್ಲಿ ಕೇಳಿದ, "ಆ ಸೀಟಲ್ಲಿ ಯಾರಮ್ಮಾ ಇರೋದು? ನಾನೂ ಕನ್ನಡಿಯಲ್ಲಿ ನೋಡ್ತಾನೇ ಇದೀನಿ. ನೀನು ಬಗ್ಗಿ ಬಗ್ಗಿ ಮಾತಾಡ್ತೀಯ."

ಅವ್ವ ಎಂದೆ. ಅವನು ನಗಲಿಲ್ಲ, ಬೈಯಲೂ ಇಲ್ಲ. "ಏನ್ ಕೇಳ್ತಾರೆ?" ಎಂದ. ನೀರು ಎಂದೆ. "ಹಂಗಾರೆ ಕೊಡು. ನಮ್ಮಲ್ಲಿ ಸತ್ತೋರ ಹೆಸರಲ್ಲಿ ಬಾಯಾರಿದೋರಿಗೆ ನೀರ್ ಕೊಡ್ತೀವಿ. ನಮ್ಮ ಅಮ್ಮೀ ಹೆಸರಲ್ಲಿ ನಾನೂ ನಮ್ಮ ಬೀದಿ ಅಂಗಡಿ ಮುಂದೆ ಮಡಿಕೆ ಇಟ್ಟಿದೀನಿ. ನೀನು ಟಿಕೆಟ್ ಕೊಡ್ತಾ ಕೂತಿದೀಯಲ್ಲಮ್ಮಾ!"

ಆಗಸ್ಟ್ 26, ಮಂಗಳವಾರ

ಗೌರಿ ಹಬ್ಬ. ತಮ್ಮ ಶಿವಶಂಕರ ಹೊಣಕೆರೆಯಿಂದ ಬಾಗಿನ ತಂದ. ಬಳೆ, ಅರಿಶಿನ ಕುಂಕುಮ, ಸೀರೆ ಎಲ್ಲ ಇತ್ತು. ಅವ್ವ ಊರಲ್ಲಿದ್ದಾಗ ಮೊರದ ಮೂಲೆಯಲ್ಲಿ ಕೊಬ್ಬರಿ ಮಿಠಾಯಿ ಬಚ್ಚಿಟ್ಟು ಕಳಿಸುತ್ತಿದ್ದಳು. ಎಲ್ಲರೂ ಮಲಗಿದ ಮೇಲೆ ಮೊರ ತಡಕಿದೆ. ಇರಲಿಲ್ಲ. ಯಾಕಿರುತ್ತದೆ?

ದಿವ್ಯಳ ಸ್ಕೂಲ್ ಬ್ಯಾಗ್ ತೊಳೆಯಲು ತೆಗೆದರೆ ನೀರಿನ ಬಾಟಲಿ ತುಂಬಿತ್ತು. ನಿನ್ನೆ ಬೆಳಿಗ್ಗೆ ನಾನೇ ತುಂಬಿದ ನೀರು, ಒಂದು ಹನಿಯೂ ಕಡಿಮೆಯಾಗಿಲ್ಲ. ಕೇಳಿದೆ. ಆರನೇ ಕ್ಲಾಸಿನ ಹುಡುಗಿ ದೊಡ್ಡವರ ಹಾಗೆ ಕೈ ಆಡಿಸಿದಳು. "ಸ್ಕೂಲ್ ಟಾಯ್ಲೆಟ್ ಗಲೀಜು ಕಣಮ್ಮ. ಕುಡೀದೇ ಇದ್ರೆ ಹೋಗೋ ತೊಂದ್ರೇನೇ ಇಲ್ಲ. ನೀನೂ ಕುಡಿಯಲ್ಲವಲ್ಲ."

ಹೊಡೆಯಲು ಕೈ ಎತ್ತಿದೆ. ಯಾರಿಗೆ ಹೊಡೆಯುವುದು ಎಂದು ಗೊತ್ತಾಗದೆ ಇಳಿಸಿದೆ.

ಸೆಪ್ಟೆಂಬರ್ 4, ಗುರುವಾರ

ಇವರ ಕೈಯಲ್ಲಿ ಪುಸ್ತಕ ತರಿಸಿಕೊಂಡು ಆಸ್ಪತ್ರೆಯಲ್ಲಿ ಬರೆಯುತ್ತಿದ್ದೇನೆ. ಮೊನ್ನೆ ಕೆ.ಆರ್. ಪೇಟೆ ದಾಟಿದ ಮೇಲೆ ಬಂತು. ಇಂಥದ್ದು ಹಿಂದೆ ಬಂದಿರಲಿಲ್ಲ. ಟಿಕೆಟ್ ಮಷೀನು ಕೈಯಿಂದ ಜಾರಿತು, ಕಂಬಿಗೆ ಹಣೆ ಒತ್ತಿ ಹಿಡಿದೆ, ವಾಂತಿಯಾಯಿತು, ನಡುಕ ಹತ್ತಿತು. ರಹಮತ್ತಣ್ಣ ಯಾವ ಸ್ಟಾಪಿನಲ್ಲೂ ನಿಲ್ಲಿಸದೆ, ತುಂಬಿದ ಬಸ್ಸನ್ನೇ ನಾಗಮಂಗಲದ ಆಸ್ಪತ್ರೆಯ ಬಾಗಿಲಿಗೆ ತಂದು ನಿಲ್ಲಿಸಿದನಂತೆ. ಒಬ್ಬ ಪ್ಯಾಸೆಂಜರೂ ಜಗಳವಾಡಲಿಲ್ಲವಂತೆ. ಅಲ್ಲಿಂದ ಆಂಬುಲೆನ್ಸಿನಲ್ಲಿ ಮೈಸೂರಿಗೆ.

ಕಲ್ಲು ಮೂತ್ರದ ನಾಳಕ್ಕೆ ಅಡ್ಡ ಕೂತು ಎಡ ಕಿಡ್ನಿಯಲ್ಲಿ ಕೀವಾಗಿತ್ತು. ಒಳಗೆ ಒಂದು ಪೈಪು ಹಾಕಿದ್ದಾರೆ. ಡಾಕ್ಟರಮ್ಮ ಈ ಸಲ ಹೆದರಿಸಲೂ ಇಲ್ಲ. "ಈ ಸಲ ಉಳೀತು. ಇನ್ನೊಂದು ಸಲ ನಾನು ಮಾತು ಕೊಡಲ್ಲ" ಎಂದಷ್ಟೇ ಹೇಳಿ ಹೋದರು.

ಇವರು ಮಂಚದ ಪಕ್ಕ ಕೂತು ಲೋಟ ಹಿಡಿದಿದ್ದರು. ತಮಾಷೆ ಮಾಡುವ ಗಂಡಸು ಅಳುವುದನ್ನು ನೋಡಲಾಗುವುದಿಲ್ಲ. "ಕುಡಿಯೇ, ನಿನ್ ಕಾಲ್ ಹಿಡ್ಕೊತೀನಿ" ಎಂದರು. ಬಾಯಿಗೆ ತೆಗೆದುಕೊಂಡೆ. ಗಂಟಲಲ್ಲಿ ಅವ್ವ ನಿಂತಿದ್ದಳು. ಅವರು ತಿರುಗಿದಾಗ ಟವೆಲ್ಲಿಗೆ ಉಗಿದೆ.

ಸೆಪ್ಟೆಂಬರ್ 7, ಭಾನುವಾರ

ಡ್ರಿಪ್ ತೆಗೆದು ಮನೆಗೆ ಕಳಿಸಿದರು. ಪೈಪು ಒಳಗೇ ಇದೆ. ಉರಿ.

ಸೆಪ್ಟೆಂಬರ್ 22, ಸೋಮವಾರ

ನಿನ್ನೆ ಮಹಾಲಯ ಅಮಾವಾಸ್ಯೆ. ವರ್ಷದ ತಿಥಿ ಕಳೆದ ಮೇಲೆ ಅವ್ವನಿಗೆ ಮೊದಲ ಎಡೆ. ಪೈಪು ಇಟ್ಟುಕೊಂಡು ಅಷ್ಟು ದೂರ ಹೋಗಬೇಡ ಎಂದು ಇವರು ಗೋಗರೆದರು. ನಾನು ಕೇಳಲಿಲ್ಲ. ದಿವ್ಯಳನ್ನೂ ಕರೆದುಕೊಂಡು ಮೂವರೂ ಹೊಣಕೆರೆಗೆ ಹೋದೆವು.

ಶಿವಶಂಕರನೂ ಅವನ ಹೆಂಡತಿಯೂ ಚೆನ್ನಾಗಿ ಮಾಡಿದ್ದರು. ಕಳಸಕ್ಕೆ ಹೊಸ ಸೀರೆ ಉಡಿಸಿ, ಅದರ ಮುಂದೆ ಬಾಳೆಲೆಯಲ್ಲಿ ಮುದ್ದೆ, ನಾಟಿಕೋಳಿ ಸಾರು, ವಡೆ, ಕಜ್ಜಾಯ, ಎಲೆಯಡಿಕೆ, ಹೊಗೆಸೊಪ್ಪು. ಶಿವು ಹೇಳಿದ, "ನೀರು ನೀನೇ ಮಡುಗಕ್ಕ. ಕೊನೇಗಂಟ ನೋಡ್ಕಂಡೋಳು ನೀನು." ದಿವ್ಯಳ ಹೆಸರಿನ ಆ ಲೋಟ ನನ್ನ ಬ್ಯಾಗಿನಲ್ಲೇ ಇತ್ತು. ಅವ್ವ ಕುಡಿಯುತ್ತಿದ್ದುದು ಅದರಲ್ಲೇ ಎಂದು ತಂದಿದ್ದೆ. ನೀರು ಹಾಕಿ ಎಲೆಯ ಪಕ್ಕ ಇಟ್ಟೆ. ಧೂಪ ಹಾಕಿ, ಬಾಗಿಲು ಮುಂದೆ ಮಾಡಿ, ಎಲ್ಲರೂ ಜಗುಲಿಯಲ್ಲಿ ಕೂತೆವು. ಹಿರಿಯರು ಬಂದು ಉಣ್ಣುವ ಹೊತ್ತಿನಲ್ಲಿ ಒಳಗೆ ಯಾರೂ ಇರಬಾರದು, ಬಾಗಿಲು ತೆಗೆಯಬಾರದು. ಹಾಗೆ ತೆಗೆದರೆ ಅರ್ಧ ಊಟಕ್ಕೆ ಎದ್ದು ಹೋಗುತ್ತಾರೆ, ಮತ್ತೆ ಆ ಮನೆಗೆ ಬರುವುದಿಲ್ಲ.

ದಿವ್ಯ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು. "ಅಮ್ಮಾ, ಅಜ್ಜಿಗೆ ಯಾಕೆ ಅರ್ಧ ಲೋಟಾನೇ ಇಟ್ಟೆ?"

ನನ್ನ ಕೈಯೇ ಅಳೆದುಬಿಟ್ಟಿತ್ತು. ಎರಡು ವರ್ಷ ಅಳೆದ ಕೈ, ಲೋಟ ಅರ್ಧಕ್ಕೆ ಬಂದ ಕೂಡಲೇ ಚೊಂಬು ಎತ್ತಿಬಿಟ್ಟಿತ್ತು. ಸತ್ತ ಮೇಲೂ ಅವ್ವನಿಗೆ ಅರ್ಧವೇ.

ಎದ್ದೆ. ಶಿವು ಸೆರಗು ಹಿಡಿದು ಎಳೆದ. "ಅಕ್ಕಾ, ಬ್ಯಾಡ ಕಣಕ್ಕ! ಅವ್ವ ಉಣ್ತಾವ್ಳೆ!"

"ಉಣ್ಲಿ. ನೀರಿಲ್ದೆ ಗಂಟ್ಲಿಗೆ ಸಿಕ್ಕಾಕಂಡಾತು ಬುಡ್ಲಾ" ಎಂದೆ. ಬಾಗಿಲು ತಳ್ಳಿ ಒಳಗೆ ಹೋಗಿ ಅಗುಳಿ ಹಾಕಿಕೊಂಡೆ.

ದೀಪ ನೆಟ್ಟಗೆ ಉರಿಯುತ್ತಿತ್ತು. ಮುದ್ದೆ ಹಾಗೇ ಇತ್ತು, ಸಾರಿನ ಮೇಲೆ ಕೆನೆ ಕಟ್ಟಿತ್ತು. ಲೋಟ ಖಾಲಿ.

ಆಮೇಲೆ ಹೇಳಿದಾಗ ಶಿವು, ಬೆಕ್ಕು ಕುಡಿದಿರಬೇಕು ಎಂದ. ನಾಟಿಕೋಳಿ ಸಾರು ಬಿಟ್ಟು ನೀರು ಕುಡಿದು ಹೋಗುವ ಬೆಕ್ಕು ಯಾವ ಊರಿನದೋ ನನಗೆ ಗೊತ್ತಿಲ್ಲ. ಆಗ ಅದೆಲ್ಲ ಯೋಚಿಸಲಿಲ್ಲ. ಅಡುಗೆಮನೆಯಿಂದ ಬಿಂದಿಗೆಯನ್ನೇ ಎತ್ತಿ ತಂದೆ. ಹೊಲಿಗೆ ಹಾಕಿದಂತೆ ಪಕ್ಕೆ ಎಳೆಯಿತು. ಲೋಟವನ್ನು ಅಂಚು ಮೀರಿ ತುಂಬಿದೆ, ಚೊಂಬು ತುಂಬಿದೆ, ಉಳಿದಿದ್ದನ್ನು ಬಿಂದಿಗೆಯ ಸಮೇತ ಅವಳ ಮುಂದಿಟ್ಟೆ. "ಕುಡಿಯವ್ವ. ಸಾಕು ಅನ್ನಗಂಟ ಕುಡಿ. ಸಂಜೆ ಆಯ್ತು" ಎಂದೆ. ಎಷ್ಟು ಅತ್ತೆನೋ. ಕಂಬಿಯಂತೆ ಗುರ್‌ ಎನ್ನುವುದು ನೆಲದಿಂದ ಅಂಗಾಲಿಗೆ ಬರುತ್ತಿತ್ತು. ಒಂದು ಹೊತ್ತಿಗೆ ಅದು ನಿಂತಿತು. ನಿಂತರೆ ಹೇಳಿ ಎಂದಿದ್ದರಲ್ಲ, ಯಾರಿಗೆ ಹೇಳಲಿ ಎಂದುಕೊಂಡು ಬಾಗಿಲು ತೆಗೆದೆ.

ಎಡೆಯದನ್ನು ಚೆಲ್ಲುವ ಹಾಗಿಲ್ಲ, ಮನೆಯವರೇ ತೀರಿಸಬೇಕು. ಅವರೆಲ್ಲ ಮುದ್ದೆ, ಸಾರು ಹಂಚಿಕೊಂಡರು. ನೀರು ನನ್ನ ಪಾಲಿಗೆ ಬಂತು. ಅವ್ವ ಮಿಕ್ಕಿಸಿದ್ದು ಎಂದು ಚೊಂಬು ಎತ್ತಿ ಕುಡಿದೆ. ದಿವ್ಯ ನೋಡುತ್ತಿದ್ದಳು. ಅವಳಿಗೂ ಆ ಲೋಟದ್ದು ಕೊಟ್ಟೆ.

ಇವರು ಕಾರು ಮಾಡಿಸಿದ್ದರು. ವಾಪಸ್ಸು ಬರುವಾಗ ದಾರಿಯಲ್ಲಿ ಮೂರು ಕಡೆ ನಿಲ್ಲಿಸಬೇಕಾಯಿತು. "ಇನ್ನೆಷ್ಟ್ ಕಡೆ ಹರಕೆ ಐತೆ ತಾಯಿ?" ಎಂದು ಇವರು ಕೇಳಿದರು.

ಅಕ್ಟೋಬರ್ 23, ಗುರುವಾರ

ತುಂಬಾ ದಿನ ಬರೆಯಲಿಲ್ಲ. ಲೇಸರ್ ಹಾಕಿ ಕಲ್ಲು ಪುಡಿ ಮಾಡಿದರು, ಪೈಪು ತೆಗೆದರು. ಕೆಳಗೆ ಇನ್ನೊಂದು ಸಣ್ಣದು ಕೂತಿದೆಯಂತೆ. ಇರಲಿ, ಅದೂ ಬರುವಾಗ ಹೇಳಿಯೇ ಬರುತ್ತದೆ. ಸೊಂಟದ ಮಂದ ನೋವು ಹೋಗಿಲ್ಲ.

ಸೋಮವಾರದಿಂದ ಡ್ಯೂಟಿ. ಪಾಂಡವಪುರದಲ್ಲೂ ಕೆ.ಆರ್. ಪೇಟೆಯಲ್ಲೂ ರಹಮತ್ತಣ್ಣ ನನ್ನನ್ನು ಕೇಳದೆಯೇ ಇಂಜಿನ್ ಆಫ್ ಮಾಡಿ ಇಳಿದುಬಿಡುತ್ತಾನೆ. ನಾನು ಹೋಗಿ ಬರುತ್ತೇನೆ. ಇವತ್ತು ಒಬ್ಬ ಗೊಣಗಿದ. "ಕಾಯಪ್ಪ, ನಾನೂ ಮನುಷ್ಯಳೇ" ಎಂದೆ. ದಿವ್ಯಳ ಸ್ಕೂಲಿಗೆ ಹೋಗಿ ಟಾಯ್ಲೆಟ್ ವಿಷಯಕ್ಕೆ ಹೆಡ್‌ಮಿಸ್ ಹತ್ತಿರ ಜಗಳವಾಡಿ ಬಂದಿದ್ದೂ ಈ ವಾರವೇ.

ಸಂತೆಬಾಚಹಳ್ಳಿಯಲ್ಲಿ ಜನ ನುಗ್ಗಿದರು. ಒಬ್ಬ ಮುದುಕಿ ಸೀದಾ ಬಂದು ಆ ಕಿಟಕಿ ಸೀಟಿನಲ್ಲಿ ಕೂತಳು. ಅದು ಮುರಿದಿದೆ ಎಂದು ಹೇಳಬೇಕೆನ್ನಿಸಲಿಲ್ಲ. ಮುಖ ಕಿಟಕಿಯ ಕಡೆಗಿತ್ತು. ನಾನು ಹತ್ತಿರ ಬಂದಾಗ ಕೈ ಚಾಚಿದಳು.

"ಒಂದ್ ಗುಟ್ಕು ನೀರಿದ್ರೆ ಕೊಡಮ್ಮಿ."

ಬಾಟಲಿ ಕೊಟ್ಟೆ. ಗೀಟುಗಳೆಲ್ಲ ಇಳಿದು ತಳ ಕಾಣುವವರೆಗೆ ಕುಡಿದಳು. ಅಷ್ಟು ಹೊತ್ತೂ ನಾನು ಪಕ್ಕದಲ್ಲೇ ನಿಂತಿದ್ದೆ, ಹಿಂದಿನವರು ಟಿಕೆಟ್ ಟಿಕೆಟ್ ಎಂದು ಕೂಗುತ್ತಿದ್ದರು. ಸಾಕಾ ಎಂದೆ. "ಸಾಕು" ಎಂದು ಸೆರಗಿನಿಂದ ತುಟಿ ಒರೆಸಿಕೊಂಡಳು. ಹೊಣಕೆರೆ ಕೈಮರದಲ್ಲಿ ಇಳಿದು ಹೋದಳು.

ಬಸ್ಸು ಹೊರಟ ಮೇಲೆ ಮಷೀನು ನೋಡಿದೆ. ಅವಳಿಗೆ ಟಿಕೆಟ್ ಒತ್ತಿಯೇ ಇರಲಿಲ್ಲ. ಚೆಕಿಂಗ್‌ನವರು ಹತ್ತಿದ್ದರೆ ಕೆಲಸ ಹೋಗುತ್ತಿತ್ತು. ಆದರೆ ನನಗೆ ಭಯವಾಗಲಿಲ್ಲ. ಅವಳ ಟಿಕೆಟ್ಟು ಆಗಸ್ಟಿನಲ್ಲೇ ಕೊಟ್ಟಾಗಿತ್ತು.